ಬೇವಿನ ಗಿಡದಿಂದ ರಸ್ತೆಗೆ ಹಗ್ಗ: ಲಂಬ ಬೇರೆ, ಮಧ್ಯರೇಖೆ ಬೇರೆ

ಪ್ರಶ್ನೆ: "ಸರ್, ನಮಸ್ಕಾರ್ರಿ. ನಾವು ಸೇಡಂ ತಾಲ್ಲೂಕಿನವರು. ನನಗೂ ನನ್ನ ತಮ್ಮಗೂ ಕೂಡಿ ಒಂದು ತೊಗರಿ ಹೊಲ ಅದ. ಮೂರು ಮೂಲಿ ಹೊಲ. ರಸ್ತಾ ಕಡೆ 140 ಮೀಟರ್, ಬಾಜೂದವರ ಬದು 130, ಹಳ್ಳದ ಕಡೆ 150. ಟೇಪ್ ಹಿಡಿದು ನಾವೇ ಅಳದೇವಿ. ರಸ್ತಾದ ಎದುರು ಮೂಲ್ಯಾಗ ಒಂದು ಬೇವಿನ ಗಿಡ ಅದ. ಈ ವರ್ಷ ಪಾಲು ಮಾಡ್ಕೋಬೇಕಂತ ಮಾತಾಗ್ಯಾದ. ನಮ್ಮ ಕಾಕಾ, 'ಬೇವಿನ ಗಿಡದಿಂದ ರಸ್ತಾಕ್ಕ ನೆಟ್ಟಗ ಹಗ್ಗ ಹಿಡೀರಿ, ಎರಡೂ ಕಡೆ ಸಮ ಬರ್ತದ' ಅಂತಾರ. ಏಳನೇ ಕ್ಲಾಸ್ ಓದೋ ನನ್ನ ಮಗಳು, 'ಅಲ್ಲಪ್ಪಾ, ರಸ್ತಾದ ನಟ್ಟನಡುಕ್ಕ ಹಿಡೀಬೇಕು' ಅಂತಾಳ. ಆಕಿ ಮಾತೂ ನಂಬೋದು ಹ್ಯಾಂಗ್ರಿ? ಮೊನ್ನೆ ಒಂದು ತ್ರಿಭುಜ ತಗದು, ಅದರ ಎತ್ತರ ತ್ರಿಭುಜದ ಹೊರಗ ಎಳದಿದ್ಳು. ಟ್ಯೂಷನ್ ಸರ್ ಕೆಂಪು ಗೆರಿ ಹೊಡದು, 'ಮನಿ ಎತ್ತರ ಮನಿ ಹೊರಗ ಇರ್ತದೇನು?' ಅಂತ ಕೇಳ್ಯಾರ. ಅಳಕೋತ ಮನಿಗಿ ಬಂದಾಳ. ಯಾರದು ಖರೆ ಅದ, ಬಿಡಿಸಿ ಹೇಳ್ರಿ."

ಉತ್ತರ: ನಿಮ್ಮದು ಎರಡು ಪ್ರಶ್ನೆ, ಒಂದು ಹೊಲದ್ದು, ಇನ್ನೊಂದು ಮಗಳ ನೋಟ್‌ಬುಕ್ಕಿನದ್ದು ಎಂದು ನಿಮಗೆ ಅನ್ನಿಸಿದೆ. ನನಗೆ ಒಂದೇ ಕಾಣುತ್ತಿದೆ. ಮಗಳು ಆ ಎತ್ತರವನ್ನು ಹೊರಗೆ ಎಳೆದದ್ದು ಸರಿ ಎಂದು ಒಪ್ಪಿದರೆ ಮಾತ್ರ ನಿಮ್ಮ ಹೊಲದ ಪಾಲು ಸರಿಯಾಗಿದೆ ಎಂದು ತೋರಿಸಿಕೊಡಲು ಆಗುತ್ತದೆ. ಅದು ಹೇಗೆ ಎಂಬುದಕ್ಕೆ ಬರುತ್ತೇನೆ. ಮೊದಲು ಕಾಕಾ ಅವರ ಹಗ್ಗ.

ಕಲಬುರಗಿಯ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಗಣಿತ ಹೇಳಿಕೊಟ್ಟವನು ನಾನು. "ಮೂಲೆಯಿಂದ ನೆಟ್ಟಗೆ ಇಳಿದರೆ ಅರ್ಧ" ಎಂಬ ನಂಬಿಕೆ ಇಲ್ಲದ ತರಗತಿಯನ್ನು ನಾನು ಕಂಡಿಲ್ಲ. ಅದು ಹುಟ್ಟುವುದು ಕರಿಹಲಗೆಯ ಮೇಲೆ. ನಾವು ಮಾಸ್ತರರು ತ್ರಿಭುಜ ಬರೆಯುವಾಗ ಕೈಗೆ ಸುಲಭವಾಗಿ ಬರುವ ಹಾಗೆ, ಕೆಳಗೆ ಒಂದು ಅಡ್ಡಗೆರೆ, ಮೇಲೆ ನಡುಮಧ್ಯಕ್ಕೆ ಒಂದು ತುದಿ, ಗುಡಿಯ ಗೋಪುರದಂಥ ಚಿತ್ರ ಬರೆದುಬಿಡುತ್ತೇವೆ. ಅದು ಸಮದ್ವಿಬಾಹು ತ್ರಿಭುಜ, ಅಂದರೆ ಎರಡು ಬಾಹು ಸಮ ಇರುವುದು. ಅದರ ತುದಿಯಿಂದ ನೆಟ್ಟಗೆ ಇಳಿದ ಗೆರೆ ಪಾದದ ನಡುವಿಗೇ ಬಂದು ಮುಟ್ಟುತ್ತದೆ. ನೋಡಿದ ಕಣ್ಣು "ನೆಟ್ಟಗೆ" ಮತ್ತು "ನಡುವಿಗೆ" ಎಂಬ ಎರಡು ಮಾತನ್ನು ಒಂದು ಮಾಡಿಕೊಂಡುಬಿಡುತ್ತದೆ. ತಪ್ಪು ಕಾಕಾ ಅವರದಲ್ಲ, ಅವರಿಗೆ ಕಲಿಸಿದ ಹಲಗೆಯದು.

ಈ ಗೊಂದಲ ಹೊಸದೂ ಅಲ್ಲ. ಆರ್ಯಭಟ 499ರಲ್ಲಿ ತ್ರಿಭುಜದ ಕ್ಷೇತ್ರಫಲದ ಸೂತ್ರ ಹೇಳುವಾಗ ಎತ್ತರಕ್ಕೆ "ಸಮದಲಕೋಟಿ" ಎಂಬ ಪದ ಬಳಸಿದ್ದಾನೆ. ಅಕ್ಷರಶಃ ನೋಡಿದರೆ "ಸಮನಾದ ಎರಡು ದಳ ಮಾಡುವ ಲಂಬ". ಪದದ ಅರ್ಥವನ್ನೇ ಹಿಡಿದರೆ ಸೂತ್ರ ಸಮದ್ವಿಬಾಹು ಮತ್ತು ಸಮಬಾಹು ತ್ರಿಭುಜಕ್ಕೆ ಮಾತ್ರ ಹೊಂದುತ್ತದೆ. ಹಾಗೆ ಹಿಡಿಯಬಾರದು, ಇದು ಎಲ್ಲ ತ್ರಿಭುಜಗಳ ಎತ್ತರಕ್ಕೂ ಸಲ್ಲುವ ಮಾತು ಎಂದು ಭಾಷ್ಯಕಾರರು ಬಿಡಿಸಿ ಹೇಳಬೇಕಾಯಿತು.

ಈಗ ನಿಮ್ಮ ಅಳತೆ. ಬೇವಿನ ಗಿಡದಿಂದ ಇಳಿದ ಲಂಬ ರಸ್ತೆಯನ್ನು ಎಲ್ಲಿ ಮುಟ್ಟುತ್ತದೆ ಎಂದು ತಿಳಿಯಲು ಹೊಲಕ್ಕೆ ಹೋಗುವುದೇ ಬೇಡ. ಅದಕ್ಕೊಂದು ಹಳೆಯ ರೀತಿ ಇದೆ. ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಕೊಟ್ಟಿದ್ದಾನೆ. ಗ್ರಂಥದ ಆರಂಭದಲ್ಲಿ ಅವನು ಹೊಗಳುವುದು ಅಮೋಘವರ್ಷ ನೃಪತುಂಗನನ್ನು. ಆ ದೊರೆಯ ಮಾನ್ಯಖೇಟ ಅಂದರೆ ನಿಮ್ಮದೇ ತಾಲ್ಲೂಕಿನ, ಕಾಗಿಣಾ ದಂಡೆಯ ಮಳಖೇಡ. ಒಂಬತ್ತನೆಯ ಶತಮಾನದ ಲೆಕ್ಕ ನಿಮ್ಮ ಬದುವಿಗೆ ಇವತ್ತಿಗೂ ಬರುತ್ತದೆ, ನೋಡಿ. ಎರಡು ಬಾಹುಗಳ ವರ್ಗ ಮಾಡಿ: 150ರ ವರ್ಗ 22,500, 130ರ ವರ್ಗ 16,900. ವ್ಯತ್ಯಾಸ 5,600. ಅದನ್ನು ಪಾದ 140ರಿಂದ ಭಾಗಿಸಿದರೆ 40. ಈ 40ನ್ನು 140ಕ್ಕೆ ಕೂಡಿಸಿ ಅರ್ಧ ಮಾಡಿದರೆ 90, 140ರಲ್ಲಿ ಕಳೆದು ಅರ್ಧ ಮಾಡಿದರೆ 50. ಲಂಬ ಬಿದ್ದಾಗ ಪಾದ ಒಡೆಯುವ ಎರಡು ತುಂಡುಗಳು ಇವೇ, ಹಳಬರು ಇವಕ್ಕೆ ಆಬಾಧಾ ಎನ್ನುತ್ತಿದ್ದರು. ಅಂದರೆ ಕಾಕಾ ಅವರ ಹಗ್ಗ ಬಾಜೂದವರ ಬದುವಿನ ಮೂಲೆಯಿಂದ 50 ಮೀಟರಿಗೆ, ಹಳ್ಳದ ಮೂಲೆಯಿಂದ 90 ಮೀಟರಿಗೆ ರಸ್ತೆ ಮುಟ್ಟುತ್ತದೆ. 130ರ ವರ್ಗದಲ್ಲಿ 50ರ ವರ್ಗ ಕಳೆದು ವರ್ಗಮೂಲ ತೆಗೆದರೆ ಹಗ್ಗದ ಉದ್ದ 120 ಮೀಟರ್.

ಒಟ್ಟು ಹೊಲ, ಪಾದದ ಅರ್ಧ ಗುಣಿಸು ಎತ್ತರ, 70 × 120 = 8,400 ಚದರ ಮೀಟರ್. ಒಂದು ಗುಂಟೆಗೆ 101.17 ಚದರ ಮೀಟರಿನಂತೆ ಸುಮಾರು 83 ಗುಂಟೆ, ಎರಡು ಎಕರೆ ಮೂರು ಗುಂಟೆ. ನಿಮ್ಮ ಪಹಣಿ ತೆಗೆದು ಹೋಲಿಸಿ ನೋಡಿ. ಕಾಕಾ ಅವರ ಹಗ್ಗ ಹಿಡಿದರೆ ಬದುವಿನ ಕಡೆಯವನಿಗೆ 3,000 ಚದರ ಮೀಟರ್, ಮೂವತ್ತು ಗುಂಟೆಗೂ ತುಸು ಕಡಿಮೆ. ಹಳ್ಳದ ಕಡೆಯವನಿಗೆ 5,400, ಐವತ್ತಮೂರು ಗುಂಟೆಗೂ ಮೇಲೆ. ಒಬ್ಬನಿಗಿಂತ ಇನ್ನೊಬ್ಬನಿಗೆ ಅರ್ಧ ಎಕರೆಗೂ ಮಿಗಿಲು ಹೆಚ್ಚು. ಅಣ್ಣತಮ್ಮಂದಿರ ನಡುವೆ ಇದು ಸಣ್ಣ ಮಾತಲ್ಲ.

ಮಗಳು ಹೇಳಿದ್ದು ಸರಿ. ರಸ್ತೆಯ 140 ಮೀಟರಿನ ನಡು, ಅಂದರೆ 70ಕ್ಕೆ ಗೂಟ ಹುಗಿದು ಅಲ್ಲಿಂದ ಬೇವಿನ ಗಿಡಕ್ಕೆ ಹಗ್ಗ ಹಿಡಿದರೆ ಅದು ಮಧ್ಯರೇಖೆ. ಎರಡೂ ಕಡೆ 4,200 ಚದರ ಮೀಟರ್, ತಲಾ ನಲವತ್ತೊಂದೂವರೆ ಗುಂಟೆ. ತಮಾಷೆ ಎಂದರೆ ಈ ಹಗ್ಗದ ಉದ್ದ ಸುಮಾರು 121.66 ಮೀಟರ್, ಕಾಕಾ ಅವರದ್ದಕ್ಕಿಂತ ಎರಡು ಮೀಟರೂ ಹೆಚ್ಚಿಲ್ಲ. ಹಗ್ಗ ಅಳೆದು ನೋಡುವವನಿಗೆ ಎರಡೂ ಒಂದೇ ಅನ್ನಿಸುತ್ತದೆ. ಆದರೆ ಕೆಳತುದಿ ಇಪ್ಪತ್ತು ಮೀಟರ್ ಆಚೀಚೆ.

ಮಧ್ಯರೇಖೆ ಯಾವ ತ್ರಿಭುಜದಲ್ಲಾದರೂ ಸಮಪಾಲೇ ಮಾಡುತ್ತದೆ. ಯಾಕೆ? ಎರಡು ಪಾಲಿಗೂ ಪಾದ 70, 70. ಎತ್ತರ ಎರಡಕ್ಕೂ ಒಂದೇ, ಬೇವಿನ ಗಿಡ ರಸ್ತೆಯ ಗೆರೆಯಿಂದ ಎಷ್ಟು ದೂರವೋ ಅಷ್ಟು, 120. ಪಾದ ಸಮ, ಎತ್ತರ ಸಮ, ಕ್ಷೇತ್ರಫಲವೂ ಸಮ. ಇಲ್ಲಿ ಒಂದು ಗಳಿಗೆ ನಿಲ್ಲಿ. ಹಳ್ಳದ ಕಡೆಯ ಪಾಲನ್ನು ಮಾತ್ರ ಒಂದು ಬೇರೆ ತ್ರಿಭುಜ ಎಂದು ನೋಡಿ. ಅದರ ಪಾದ ರಸ್ತೆಯ ನಡುಗೂಟದಿಂದ ಹಳ್ಳದ ಮೂಲೆಯವರೆಗೆ. ಬೇವಿನ ಗಿಡದಿಂದ ನೆಟ್ಟಗೆ ಇಳಿದ ಲಂಬ ಬಿದ್ದದ್ದೆಲ್ಲಿ? ನಡುಗೂಟದಿಂದ ಇಪ್ಪತ್ತು ಮೀಟರ್ ಆಚೆ, ಇನ್ನೊಬ್ಬನ ಪಾಲಿನಲ್ಲಿ! ಹಳ್ಳದ ಕಡೆಯ ಹೊಲದ ಎತ್ತರ ಆ ಹೊಲದ ಹೊರಗಿದೆ. "ತ್ರಿಭುಜದ ಎತ್ತರ ಹೊರಗೆ ಇರಲು ಬರುವುದಿಲ್ಲ" ಎಂದು ಟ್ಯೂಷನ್ ಸರ್ ಹಟ ಹಿಡಿದರೆ ಈ ಪಾಲಿಗೆ ಎತ್ತರವೇ ಇಲ್ಲದಂತಾಗಿ, ಸಮಪಾಲಿನ ಸಾಕ್ಷಿ ಅರ್ಧಕ್ಕೇ ನಿಂತುಬಿಡುತ್ತದೆ. ನಿಮ್ಮ ಮಗಳು ಅಳುತ್ತ ತಂದ ಚಿತ್ರವೇ ಇದು.

ಆ ಸರ್ ಅವರ ಮೇಲೂ ಸಿಟ್ಟಾಗಬೇಡಿ. ಕನ್ನಡದ "ಎತ್ತರ" ಎಂಬ ಪದವೇ ದಾರಿ ತಪ್ಪಿಸುತ್ತದೆ. ಎತ್ತರ ಎಂದ ಕೂಡಲೇ ಗುಡ್ಡ, ಮಿನಾರು, ಮನೆ ನೆನಪಾಗುತ್ತವೆ. ಕೆಳಗಿನಿಂದ ಮೇಲಕ್ಕೆ, ವಸ್ತುವಿನ ಒಳಗೇ ಇರುವ ಏನೋ ಒಂದು ಎಂಬ ಭಾವನೆ. "ಪಾದ" ಎಂದರೆ ಚಿತ್ರದ ತಳದ ಗೆರೆ ಎಂದೇ ಮಕ್ಕಳು ತಿಳಿಯುತ್ತಾರೆ. ಗಣಿತದಲ್ಲಿ ಎತ್ತರ ಎಂದರೆ ಇಷ್ಟೇ: ಒಂದು ಶೃಂಗದಿಂದ, ಅಂದರೆ ಮೂಲೆಯಿಂದ, ಅದರ ಎದುರಿನ ಬಾಹು ಇರುವ ಸರಳರೇಖೆಗೆ ಎಳೆದ ಲಂಬ. "ಬಾಹು ಇರುವ ಸರಳರೇಖೆ" ಎಂಬ ಮಾತನ್ನು ಗಮನಿಸಿ. ಬಾಹು ಮುಗಿದ ಮೇಲೂ ರೇಖೆ ಮುಂದೆ ಹೋಗುತ್ತದೆ. ಹೊಲದ ಅಂಚಿಗೆ ವಾಲಿಕೊಂಡು ಬೆಳೆದ ಒಂದು ಗಿಡ ನೆನೆಸಿಕೊಳ್ಳಿ. ಅದರ ತುದಿ ನೆಲದಿಂದ ಎಷ್ಟು ಮೇಲಿದೆ ಎಂದು ನೋಡಲು ಗೌಂಡಿಗಳು ದಾರಕ್ಕೆ ಗುಂಡು ಕಟ್ಟಿ ಬಿಡುವಂತೆ ಬಿಟ್ಟರೆ, ಗುಂಡು ಬೀಳುವುದು ಬೊಡ್ಡೆಯ ಮೇಲಲ್ಲ, ಪಕ್ಕದ ನೆಲದ ಮೇಲೆ. ಆದರೂ ಅದು ಆ ಗಿಡದ ಎತ್ತರವೇ.

ಮಗಳ ನೋಟ್‌ಬುಕ್ಕಿಗೆ ಒಂದು ಗಟ್ಟಿ ಉದಾಹರಣೆ ಕೊಡುತ್ತೇನೆ. 9, 10, 17 ಸೆಂಟಿಮೀಟರ್ ಬಾಹುಗಳ ತ್ರಿಭುಜ ಬರೆಯಲಿ, 9 ಪಾದವಾಗಿರಲಿ. ಭಾಸ್ಕರಾಚಾರ್ಯ 1150ರಲ್ಲಿ ಬರೆದ ಲೀಲಾವತಿಯಲ್ಲಿ ಇದೇ ಅಳತೆಯ ಲೆಕ್ಕ ಇದೆ. ಮೇಲಿನ ರೀತಿಯಲ್ಲೇ ಮಾಡಿ: 289ರಲ್ಲಿ 100 ಕಳೆದರೆ 189, ಭಾಗಿಸು 9, ಬಂತು 21. ಒಂಬತ್ತಕ್ಕೆ 21 ಕೂಡಿಸಿ ಅರ್ಧ ಮಾಡಿದರೆ 15. ಒಂಬತ್ತರಲ್ಲಿ 21 ಕಳೆದು ಅರ್ಧ ಮಾಡಿದರೆ ಋಣ 6. ಋಣ ಬಂದರೆ ದಿಕ್ಕು ಉಲ್ಟಾ ಎಂದು ಅರ್ಥ ಮಾಡಿಕೊಳ್ಳಬೇಕು ಎಂದು ಭಾಸ್ಕರ ಹೇಳಿಬಿಟ್ಟಿದ್ದಾನೆ. ಲಂಬ ಬೀಳುವುದು ಪಾದದ ಆಚೆಗೆ, 6 ಸೆಂಟಿಮೀಟರ್ ಹೊರಗೆ. ಎತ್ತರ 8. ಕ್ಷೇತ್ರಫಲ 36 ಚದರ ಸೆಂಟಿಮೀಟರ್.

ಸರ್ ಒಪ್ಪದಿದ್ದರೆ ವಾದ ಬೇಡ. ಮಗಳು ಗೌರವದಿಂದ, "ಸರ್, 17ನ್ನು ಪಾದ ಮಾಡಿಕೊಂಡು ಒಮ್ಮೆ ನೋಡೋಣವಾ?" ಎಂದು ಕೇಳಲಿ. ಆ ಬಾಹುವಿಗೆ ಎಳೆದ ಎತ್ತರ ತ್ರಿಭುಜದ ಒಳಗೇ ಬರುತ್ತದೆ, ಅದರ ಬಗ್ಗೆ ಯಾರದೂ ತಕರಾರಿಲ್ಲ. ಅಳೆದರೆ ಸುಮಾರು 4.2 ಸೆಂಟಿಮೀಟರ್. ಅರ್ಧ ಗುಣಿಸು 17 ಗುಣಿಸು 4.2, ಹತ್ತಿರ ಹತ್ತಿರ 36. ಹೊರಗಿನ ಎತ್ತರ ಕೊಟ್ಟ ಉತ್ತರವೇ. ಇನ್ನು 9ರ ಪಾದಕ್ಕೆ ಒಳಗೇ ಒಂದು ಓರೆ ಗೆರೆ ಎಳೆದು ಅದನ್ನೇ ಎತ್ತರ ಎಂದುಕೊಂಡರೆ? ಒಳಗೆ ಎಳೆಯಬಹುದಾದ ಯಾವ ಗೆರೆಯೂ 10ಕ್ಕಿಂತ ಗಿಡ್ಡ ಇರುವುದಿಲ್ಲ. ಕ್ಷೇತ್ರಫಲ 45 ಅಥವಾ ಅದಕ್ಕೂ ಹೆಚ್ಚು ಬರುತ್ತದೆ. ಒಂದೇ ತ್ರಿಭುಜಕ್ಕೆ ಎರಡು ಕ್ಷೇತ್ರಫಲ ಇರಲು ಬರುವುದಿಲ್ಲವಲ್ಲ. ಪರೀಕ್ಷೆಯ ದೃಷ್ಟಿಯಿಂದ ಮಾತ್ರ ಮಗಳಿಗೆ ಹೇಳಿ: ಪಾದವನ್ನು ಮುಂದುವರಿಸಿದ ಭಾಗ ಚುಕ್ಕೆಗೆರೆಯಲ್ಲಿರಲಿ, ಲಂಬ ಮುಟ್ಟಿದಲ್ಲಿ ಲಂಬಕೋನದ ಗುರುತು ಇರಲಿ. ಅವೆರಡೂ ಇಲ್ಲದಿದ್ದರೆ ಸರಿ ಚಿತ್ರವೂ ತಪ್ಪಿನಂತೆ ಕಾಣುತ್ತದೆ, ಕೆಂಪು ಗೆರೆ ಬಿದ್ದದ್ದು ಅದಕ್ಕೂ ಇರಬಹುದು.

ಯಾವ ತ್ರಿಭುಜದಲ್ಲಿ ಏನಾಗುತ್ತದೆ ಎಂಬುದನ್ನು ಬೇಗ ಹೇಳಿಬಿಡುತ್ತೇನೆ. ಮಧ್ಯರೇಖೆಗಳು ಮೂರೂ ಯಾವಾಗಲೂ ಒಳಗೇ. ಮೂರೂ ಸೇರುವ ಗುರುತ್ವಕೇಂದ್ರವೂ ಒಳಗೇ, ಪ್ರತಿ ಮಧ್ಯರೇಖೆಯ ಮೇಲೆ ಶೃಂಗದಿಂದ ಮೂರರಲ್ಲಿ ಎರಡು ಪಾಲು ದೂರದಲ್ಲಿ. ಹಳೆಯ ಲಗ್ನಪತ್ರಿಕೆಯ ರಟ್ಟಿನಲ್ಲಿ ತ್ರಿಭುಜ ಕತ್ತರಿಸಿ ಆ ಬಿಂದುವನ್ನು ಪೆನ್ಸಿಲ್ ತುದಿಯ ಮೇಲಿಟ್ಟರೆ ತೂಗಿ ನಿಲ್ಲುತ್ತದೆ. ಶಹಾಬಾದ ಫರ್ಸಿಯ ಮೂರುಮೂಲೆ ತುಂಡಾದರೂ ಅಷ್ಟೇ, ಬೆರಳು ಮಾತ್ರ ಹುಷಾರು. ಎತ್ತರಗಳ ಸ್ವಭಾವ ಹಾಗಲ್ಲ, ಅವು ಕೋನ ನೋಡಿ ಜಾಗ ಬದಲಿಸುತ್ತವೆ. ಮೂರು ಕೋನವೂ 90ಕ್ಕಿಂತ ಕಡಿಮೆ ಇದ್ದರೆ ಮೂರೂ ಒಳಗೆ, ನಿಮ್ಮ ಹೊಲ ಈ ಜಾತಿಯದು. ಲಂಬಕೋನ ತ್ರಿಭುಜದಲ್ಲಿ ಎರಡು ಎತ್ತರ ಬೇರೆ ಎಳೆಯುವುದೇ ಬೇಡ, ಲಂಬಕೋನ ಮಾಡುವ ಬಾಹುಗಳೇ ಎತ್ತರ. ಮಕ್ಕಳು ಇಲ್ಲಿ "ಎತ್ತರ ಕಾಣುತ್ತಿಲ್ಲ ಸರ್" ಎಂದು ತಡಕಾಡುತ್ತಾರೆ, ಕಣ್ಣೆದುರಿಗೇ ಇರುತ್ತದೆ. ಒಂದು ಕೋನ 90ಕ್ಕಿಂತ ಹೆಚ್ಚಿರುವ ವಿಶಾಲಕೋನ ತ್ರಿಭುಜದಲ್ಲಿ ಎರಡು ಹೊರಗೆ, ಅತಿ ಉದ್ದದ ಬಾಹುವಿಗೆ ಬೀಳುವುದೊಂದೇ ಒಳಗೆ. ಮಧ್ಯರೇಖೆ ಮತ್ತು ಎತ್ತರ ಒಂದಾಗುವುದು ಸಮಬಾಹುವಿನಲ್ಲಿ ಮೂರು ಕಡೆ, ಸಮದ್ವಿಬಾಹುವಿನಲ್ಲಿ ಸಮನಾದ ಎರಡು ಬಾಹುಗಳು ಕೂಡುವ ತುದಿಯಿಂದ ಒಂದೇ ಕಡೆ. ಮೂರು ಬಾಹುವೂ ಬೇರೆ ಇದ್ದರೆ ಎಲ್ಲೂ ಇಲ್ಲ. ಹಾಂ, ಇನ್ನೊಂದು: ಮಧ್ಯರೇಖೆ ಬಾಹುವನ್ನು ಅರ್ಧ ಮಾಡುತ್ತದೆಯೇ ಹೊರತು ಕೋನವನ್ನಲ್ಲ. ನಿಮ್ಮ ಬೇವಿನ ಗಿಡದ ಮೂಲೆಯಲ್ಲಿ ಅದು ಕೋನವನ್ನು ಸುಮಾರು 32 ಮತ್ತು 27 ಡಿಗ್ರಿಯಾಗಿ ಒಡೆಯುತ್ತದೆ.

ಸರಿ, ಹಾಗಾದರೆ ಹಗ್ಗ ಎಲ್ಲಿ ಹಿಡಿಯಬೇಕು? ಕಾಗದದ ಮೇಲೆ ಸಮಪಾಲು ಮಾಡುವ ಗೆರೆಗಳು ಬೇಕಾದಷ್ಟಿವೆ, ಆಯ್ಕೆ ನಿಮ್ಮಿಬ್ಬರದು. ಬೇವಿನ ಗಿಡದಿಂದ ಎಳೆದ ಮಧ್ಯರೇಖೆಯ ದೊಡ್ಡ ಗುಣ ಎಂದರೆ ಇಬ್ಬರಿಗೂ 70 ಮೀಟರ್ ರಸ್ತೆ ಸಿಗುತ್ತದೆ. ದೋಷ ಎಂದರೆ ಗಿಡದ ಕಡೆ ಇಬ್ಬರದೂ ಚೂಪು ಮೂಲೆ, ಅಲ್ಲಿ ಟ್ರ್ಯಾಕ್ಟರ್ ತಿರುಗುವುದು ಕಷ್ಟ, ಎರಡು ಕಡೆಯೂ ತುಸು ನೆಲ ಬೀಳು ಬೀಳುತ್ತದೆ. ಬೇವಿನ ಗಿಡ ಯಾರದು ಎಂಬ ಜಗಳಕ್ಕೂ ಈಗಲೇ ಒಂದು ಮಾತು ಆಡಿಕೊಳ್ಳಿ.

ಬೇರೆ ಮೂಲೆಯಿಂದ ಮಧ್ಯರೇಖೆ ಎಳೆಯುವ ಯೋಚನೆ ಯಾರಾದರೂ ಹೇಳಿದರೆ ಒಪ್ಪಬೇಡಿ. ಉದಾಹರಣೆಗೆ ಬದು ಮತ್ತು ರಸ್ತೆ ಕೂಡುವ ಮೂಲೆಯಿಂದ ಹಳ್ಳದ ನಡುವಿಗೆ ಎಳೆದರೆ ಕ್ಷೇತ್ರಫಲ ಸಮವೇ. ಆದರೆ ಒಬ್ಬನಿಗೆ ಪೂರ್ತಿ ರಸ್ತೆ, ಇನ್ನೊಬ್ಬನಿಗೆ ರಸ್ತೆಯ ಒಂದು ಚುಕ್ಕೆ. ರಾಶಿ ಮಾಡಿದ ತೊಗರಿ ಹೊರಗೆ ತರಲು ಅಣ್ಣನ ಹೊಲ ದಾಟಬೇಕು. ಇಂಥ ಪಾಲು ಮಕ್ಕಳ ಕಾಲಕ್ಕೆ ಕೋರ್ಟು ಕಾಣುತ್ತದೆ.

ರಸ್ತೆಗೆ ಸಮಾಂತರವಾಗಿ ಅಡ್ಡ ಬದು ಹಾಕುವುದೂ ಒಂದು ದಾರಿ. ಬದುವಿನ ಉದ್ದ ಸುಮಾರು 99 ಮೀಟರ್ ಮಾತ್ರ, ರಸ್ತೆಯಿಂದ ಸುಮಾರು 35 ಮೀಟರ್ ಒಳಗೆ ಬರುತ್ತದೆ. ಹಿಂದಿನವನಿಗೆ ದಾರಿ ಬಿಡಬೇಕಾಗುತ್ತದೆ, ಆ ದಾರಿಯ ನೆಲ ಯಾರ ಪಾಲಿನಿಂದ ಹೋಗಬೇಕು ಎಂಬಲ್ಲಿ ಮತ್ತೆ ಲೆಕ್ಕ ಕೂಡುತ್ತದೆ.

ನನಗೆ ಹಿಡಿಸುವುದು ಬೇರೊಂದು, ಅದರಲ್ಲಿ ಕಾಕಾ ಅವರ ಮಾತೂ ಅರ್ಧ ಉಳಿಯುತ್ತದೆ. ರಸ್ತೆಗೆ ನೆಟ್ಟಗಿನ ಬದು ಬೇಕು, ಸಾಲು ನೇರ ಬರುತ್ತದೆ ಎಂಬುದು ಅವರ ಮನಸ್ಸಿನಲ್ಲಿದ್ದರೆ ಅದು ರೈತನ ಸರಿಯಾದ ಯೋಚನೆಯೇ. ಆದರೆ ಅದನ್ನು ಬೇವಿನ ಗಿಡದಿಂದ ಇಳಿಸಬಾರದು. ಹಳ್ಳದ ಮೂಲೆಯಿಂದ ರಸ್ತೆಯ ಮೇಲೆ 79.4 ಮೀಟರ್ ಅಳೆದು, ಅಲ್ಲಿಂದ ರಸ್ತೆಗೆ ಲಂಬವಾಗಿ ಹಳ್ಳದ ಅಂಚಿನವರೆಗೆ ಹಗ್ಗ ಹಿಡಿಯಿರಿ. ಎರಡೂ ಕಡೆ 4,200 ಬರುತ್ತದೆ. ಈ 79.4 ಬಂದದ್ದು ಎಲ್ಲಿಂದ ಎಂದು ಮಗಳು ಕೇಳಿದರೆ: ನಡುಗೂಟ ಹಳ್ಳದ ಮೂಲೆಯಿಂದ 70, ಲಂಬ ಬಿದ್ದದ್ದು 90. ಎರಡನ್ನೂ ಗುಣಿಸಿದರೆ 6,300, ಅದರ ವರ್ಗಮೂಲ 79.37. ಮಧ್ಯರೇಖೆ ಮತ್ತು ಎತ್ತರದ ನಡುವೆ ಎಲ್ಲೋ ರಾಜಿ ಆದಂತೆ. ಬದುವಿನ ಉದ್ದ ಸುಮಾರು 106 ಮೀಟರ್, ಮಧ್ಯರೇಖೆಗಿಂತ ಗಿಡ್ಡ. ರಸ್ತೆ ಒಬ್ಬನಿಗೆ 79, ಇನ್ನೊಬ್ಬನಿಗೆ 61 ಮೀಟರಿನಷ್ಟು. ಬೇವಿನ ಗಿಡದ ಮೂಲೆ ಪೂರ್ತಿ ಬಾಜೂದವರ ಬದುವಿನ ಕಡೆಯವನಿಗೆ ಹೋಗುತ್ತದೆ. ಬಯಲಿನಲ್ಲಿ ಲಂಬ ಹಿಡಿಯಲು ಗೌಂಡಿಗಳ ರೀತಿಯೇ ಸಾಕು: 6, 8, 10 ಮೀಟರಿಗೆ ಗಂಟು ಹಾಕಿದ ಹಗ್ಗ ತ್ರಿಭುಜವಾಗಿ ಬಿಗಿ ಎಳೆದರೆ 6 ಮತ್ತು 8ರ ನಡುವೆ ಲಂಬಕೋನ.

ಇಷ್ಟೆಲ್ಲ ಕ್ಷೇತ್ರಫಲದ ಮಾತು. ಹಳ್ಳದ ಕಡೆಯ ಎರಿ ಮಣ್ಣು ಮಳೆಗಾಲಕ್ಕೆ ಕೊಚ್ಚಿ ಹೋಗುತ್ತದೆಯೋ, ಅಲ್ಲೇ ಹಸಿ ಹೆಚ್ಚು ಹಿಡಿಯುತ್ತದೆಯೋ ನೋಡಿದವರು ನೀವು. ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ನೆಲ, ಎಂದು ಬರೆದದ್ದು ಎಷ್ಟು, ಅದು ಯಾವ ಕಡೆ ಎಂಬುದನ್ನೂ ತೆಗೆದು ಲೆಕ್ಕ ಹಾಕಿ. ನೀವು ಬರೆದ ಪತ್ರದಲ್ಲಿ ನಿಮ್ಮಿಬ್ಬರ ಮಾತಷ್ಟೇ ಇದೆ. ಇದು ಪಿತ್ರಾರ್ಜಿತ ಹೊಲವಾಗಿದ್ದು ಅಕ್ಕತಂಗಿಯರಿದ್ದರೆ, 2005ರ ತಿದ್ದುಪಡಿಯ ನಂತರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಅವರೂ ಸಮಪಾಲುದಾರರು, ಆ ವಿಚಾರ ವಕೀಲರನ್ನು ಕೇಳಿ. ಮೂರು ಪಾಲಾದರೆ ಗಣಿತಕ್ಕೇನೂ ತೊಂದರೆ ಇಲ್ಲ. ರಸ್ತೆಯನ್ನು 46.67 ಮೀಟರಿನ ಮೂರು ತುಂಡು ಮಾಡಿ ಎರಡು ಗೂಟದಿಂದಲೂ ಬೇವಿನ ಗಿಡಕ್ಕೆ ಹಗ್ಗ ಹಿಡಿದರಾಯಿತು.

ಗೂಟದ ಜಾಗದಲ್ಲಿ ಸಡಿಲ ಬಿಡಬೇಡಿ. ರಸ್ತೆಯ ಮೇಲಿನ ನಡುಗೂಟ ಒಂದೇ ಮೀಟರ್ ಸರಿದರೂ ಒಬ್ಬನಿಂದ 60 ಚದರ ಮೀಟರ್ ಹೋಗಿ ಇನ್ನೊಬ್ಬನಿಗೆ ಸೇರುತ್ತದೆ. ಇಬ್ಬರ ನಡುವಿನ ಅಂತರ 120, ಒಂದು ಗುಂಟೆಗೂ ಹೆಚ್ಚು. ಪೋಡಿ, ಅಂದರೆ ಹೊಲ ಅಳೆಸಿ ಪಾಲು ಬೇರೆ, ಮಾಡಿಸಿ ಪಹಣಿ ಬೇರೆ ಮಾಡಿಸಿಕೊಳ್ಳುವಾಗ ಸರ್ಕಾರಿ ಭೂಮಾಪಕರು ಬಂದು ಅಳೆದದ್ದೇ ಕಾಗದಕ್ಕೆ ಏರುತ್ತದೆ, ನಿಮ್ಮ ಟೇಪಿನ ಅಳತೆಯಲ್ಲ. ಅವರು ಬರುವ ಮುಂಚೆ ನಿಮ್ಮ ಅಳತೆಯನ್ನು ನೀವೇ ಒರೆಗೆ ಹಚ್ಚಬಹುದು. 70ಕ್ಕೆ ತಾತ್ಕಾಲಿಕವಾಗಿ ಒಂದು ಗೂಟ ಇಟ್ಟು, ಅಲ್ಲಿಂದ ಬೇವಿನ ಗಿಡದವರೆಗೆ ಮಗಳ ಕೈಗೆ ಟೇಪು ಕೊಟ್ಟು ಅಳೆಯಿರಿ. 121 ಮೀಟರ್ 66 ಸೆಂಟಿಮೀಟರಿನ ಆಸುಪಾಸು ಬರಬೇಕು. ಅರ್ಧ ಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರು ಬಾಹುಗಳಲ್ಲಿ ಯಾವುದೋ ಒಂದನ್ನು ತಪ್ಪಾಗಿ ಅಳೆದಿದ್ದೀರಿ, ಮತ್ತೆ ಬೇವಿನ ಗಿಡದಿಂದ ಶುರು ಮಾಡಿ.